ಟ್ರ್ಯಾಕ್ ಕೇಳಿದ್ದು ಸ್ವಾಮಿ, ಟ್ರಕ್ ಅಲ್ಲ: ಫಾಂಟಾನಾ ಕಡೆಯ ಜನಪ್ರತಿನಿಧಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಿಮ್ಮ ಹೆಸರು, ಹುದ್ದೆ ಬರೆಯುತ್ತಿಲ್ಲ. ಬರೆದರೆ ಇದು ನಿಮ್ಮೊಬ್ಬರ ಮೇಲಿನ ಸಿಟ್ಟು ಆಗಿಬಿಡುತ್ತದೆ. ನಮ್ಮ ಕಡೆ ವೋಟು ಕೇಳಿ ಗೆದ್ದವರು ಯಾರೇ ಇರಲಿ, ಇದು ತಮಗೇ ಬಂದ ಪತ್ರ ಅಂದುಕೊಳ್ಳಬಹುದು. ಕನ್ನಡದಲ್ಲಿ ಯಾಕೆ ಅಂತೀರಾ? ಇಂಗ್ಲಿಷಿನಲ್ಲಿ ಒಂದು ಕಚೇರಿಗೆ ನಾಲ್ಕು ಸಲ ಬರೆದೆ. ನಾಲ್ಕು ಸಲವೂ 'ನಿಮ್ಮ ಅಭಿಪ್ರಾಯ ನಮಗೆ ಮುಖ್ಯ' ಅಂತ ಕಂಪ್ಯೂಟರ್ ಉತ್ತರ ಕೊಟ್ಟಿತು. ಕನ್ನಡದಲ್ಲಿ ಬರೆದರೆ ಮನುಷ್ಯರಾದರೂ ಓದುತ್ತಾರೆ.

ಕೇಳುವುದು ಒಂದೇ. ಫಾಂಟಾನಾದ ಕಾರ್ ರೇಸಿನ ಸ್ಪೀಡ್‌ವೇ ಕೆಡವಿ, ಅಲ್ಲೇ ಚಿಕ್ಕದೊಂದು ಟ್ರ್ಯಾಕ್ ಕಟ್ಟುತ್ತೇವೆ ಅಂತ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆಯವರು ಅಂದಿದ್ದರಲ್ಲ, ಅದು ಯಾವಾಗ? ಒಂದು ತಾರೀಖು ಹೇಳಿಸಿ.

ಲಾಸ್ ಏಂಜಲಿಸ್‌ನಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್ ದೂರದ ಈ ಊರಲ್ಲಿ ಕೈಸರ್ ಕಂಪನಿಯ ಉಕ್ಕಿನ ಕಾರ್ಖಾನೆ ಇತ್ತು. ಎರಡನೇ ಮಹಾಯುದ್ಧದ ಕಾಲಕ್ಕೆ ಶುರುವಾಗಿ 1980ರ ದಶಕದಲ್ಲಿ ಬಾಗಿಲು ಹಾಕಿತು. ಆ ಪಾಳು ಜಾಗದಲ್ಲಿ ರೇಸ್ ತಂಡದ ಮಾಲೀಕ ರೋಜರ್ ಪೆನ್ಸ್ಕಿ ಎರಡು ಮೈಲಿ ಸುತ್ತಳತೆಯ ಟ್ರ್ಯಾಕ್ ಕಟ್ಟಿದರು. ಮೊದಲ ದರ್ಜೆಯ ಓಟಕ್ಕೆ ಕಪ್ ಅಂತ ಹೆಸರು. 1997ರ ಜೂನ್‌ನಲ್ಲಿ ಇಲ್ಲಿಯ ಮೊದಲ ಕಪ್ ಓಟವನ್ನು ಜೆಫ್ ಗಾರ್ಡನ್ ಗೆದ್ದರು. ಅದು ಎಲ್ಲರಿಗೂ ಗೊತ್ತು. ಅದೇ ವರ್ಷ ಎರಡನೇ ದರ್ಜೆಯ ಓಟವೂ ಇಲ್ಲಿಗೆ ಬಂತು, ಟಾಡ್ ಬೊಡೈನ್ ಗೆದ್ದರು. ಅದು ಯಾರಿಗೂ ನೆನಪಿಲ್ಲ. ನನ್ನ ತಕರಾರು ಇರುವುದೇ ಆ ಎರಡನೇ ದರ್ಜೆಯ ಬಗ್ಗೆ.

ನಮ್ಮೂರ ಜಾತ್ರೆಯಲ್ಲಿ ದೊಡ್ಡ ತೇರು, ಚಿಕ್ಕ ತೇರು ಅಂತ ಎರಡು ಎಳೆಯುತ್ತಿದ್ದರು. ದೊಡ್ಡ ತೇರಿನ ಹಗ್ಗ ಹುಡುಗರ ಕೈಗೆ ಸಿಗುತ್ತಲೇ ಇರಲಿಲ್ಲ. ಚಿಕ್ಕ ತೇರಿನ ಹಗ್ಗ ಯಾರು ಬೇಕಾದರೂ ಹಿಡಿಯಬಹುದಿತ್ತು. ನಾಸ್ಕಾರ್‌ನಲ್ಲೂ ಹಾಗೇ. ಭಾನುವಾರದ ಕಪ್ ದೊಡ್ಡ ತೇರು. ಶನಿವಾರದ್ದು ಚಿಕ್ಕ ತೇರು. ಅದಕ್ಕೆ ಗಟ್ಟಿಯಾಗಿ ಒಂದು ಹೆಸರೂ ನಿಲ್ಲಲಿಲ್ಲ ಪಾಪ. ಬುಶ್ ಅಂತ ಬಿಯರ್ ಹೆಸರು ಇತ್ತು, 2008ರಿಂದ ನೇಷನ್‌ವೈಡ್ ಅಂತ ಇನ್ಶೂರೆನ್ಸ್ ಹೆಸರು, 2015ರಿಂದ ಎಕ್ಸ್‌ಫಿನಿಟಿ ಅಂತ ಇಂಟರ್ನೆಟ್ ಹೆಸರು, 2026ರಿಂದ ಓರೈಲಿ ಅಂತ ಬಿಡಿಭಾಗದ ಅಂಗಡಿ ಹೆಸರು. ದುಡ್ಡು ಕೊಟ್ಟವರ ಹೆಸರು, ಇನ್ನೇನು.

ನಾನು ಹಾಸನದವನು. 2009ರಲ್ಲಿ ಇಲ್ಲಿಗೆ ಬಂದೆ. ಭಾನುವಾರದ ಟಿಕೆಟ್ ನನ್ನ ಜೇಬಿಗೆ ಭಾರ. ಶನಿವಾರದ್ದು ಅಗ್ಗ. 2014ರ ಮಾರ್ಚ್‌ನಲ್ಲಿ ಏಳು ವರ್ಷದ ಮಗನನ್ನು ಕರೆದುಕೊಂಡು ಹೋದೆ. ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ. ಬೇಲಿಯ ಹತ್ತಿರ ಕೆಳಗಿನ ಸಾಲು, ಅಗ್ಗದ ಸೀಟು ಅಂದ್ರೆ ಅದೇ. ಕಾರುಗಳು ಹಾದುಹೋದಾಗಲೆಲ್ಲ ಟೈರಿನಿಂದ ಕಿತ್ತ ರಬ್ಬರ್ ಚೂರು ಮೈಮೇಲೆ ಬೀಳುತ್ತಿತ್ತು. ಇಲಿ ಹಿಕ್ಕೆಯಷ್ಟು ದೊಡ್ಡದು, ಬಿಸಿಬಿಸಿ, ಅಂಟಂಟು. ಪುಳಿಯೋಗರೆಗೂ ಬಿತ್ತು. ಮಗ ಅದನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಂಡ. ಅವತ್ತು ಗೆದ್ದದ್ದು ಕೈಲ್ ಲಾರ್ಸನ್. ಕ್ಯಾಲಿಫೋರ್ನಿಯಾದವನೇ. ಆ ದರ್ಜೆಯಲ್ಲಿ ಅವನ ಮೊದಲ ಗೆಲುವು ನಮ್ಮೂರಲ್ಲೇ ಆಯಿತು. ಮಾರನೇ ದಿನ ಕಪ್ ಓಟದಲ್ಲಿ ಎರಡನೆಯವನಾಗಿ ಬಂದ. ಅದನ್ನು ಮನೆಯಲ್ಲಿ ಟಿವಿಯಲ್ಲಿ ನೋಡಿದೆವು. 'ಅಪ್ಪ, ಇವನನ್ನ ನಿನ್ನೆನೇ ನೋಡಿದ್ವಲ್ವಾ' ಅಂದ ಮಗ. ಊರೆಲ್ಲ ಭಾನುವಾರ ಕಂಡುಹಿಡಿದವನನ್ನು ನಾವು ಶನಿವಾರವೇ ಕಂಡಿದ್ದೆವು.

ಶನಿವಾರದ ಚರಿತ್ರೆಯೆಲ್ಲ ಇಂಥದ್ದೇ. 2001ರಲ್ಲಿ ಗೆದ್ದ ಹ್ಯಾಂಕ್ ಪಾರ್ಕರ್ ಜೂನಿಯರ್ ಮೀನು ಹಿಡಿಯುವ ಚಾಂಪಿಯನ್‌ನ ಮಗ. ಹೌದು, ಇಲ್ಲಿ ಅದಕ್ಕೂ ಚಾಂಪಿಯನ್ ಇದ್ದಾರೆ. 2020ರಲ್ಲಿ ಹ್ಯಾರಿಸನ್ ಬರ್ಟನ್ ಮೊದಲ ಗೆಲುವು ಕಂಡ, ಅಪ್ಪ ಜೆಫ್ ಬರ್ಟನ್ ಹಳೇ ಹುಲಿ. 2004ರಿಂದ 2010ರವರೆಗಂತೂ ವರ್ಷಕ್ಕೆ ಎರಡು ಸಲ ಓಟ. 2016ರಲ್ಲಿ ಕೊನೆಯ ಸುತ್ತಲ್ಲಿ ಕೈಲ್ ಬುಶ್‌ನ ಟೈರು ಹೋಗಿ ಆಸ್ಟಿನ್ ಡಿಲನ್ ಗೆದ್ದಾಗ ನನ್ನ ಪಕ್ಕದ ಅಜ್ಜ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. 300 ಮೈಲಿ, 150 ಸುತ್ತು. ಡಾಂಬರು 1997ರದ್ದೇ, ಒಂದು ಸಲವೂ ಮತ್ತೆ ಹಾಕಿರಲಿಲ್ಲ. ಮೈಯೆಲ್ಲ ಬಿರುಕು. ಟೈರು ತಿನ್ನುತ್ತಿತ್ತು. ಅದಕ್ಕೇ ಡ್ರೈವರ್‌ಗಳಿಗೆ ಅದರ ಮೇಲೆ ಪ್ರೀತಿ. ಹಳೇ ರಸ್ತೆಯನ್ನು ಯಾರಾದರೂ ಹೊಗಳಿದ್ದು ನಾನು ಕೇಳಿದ್ದು ಅಲ್ಲಿ ಮಾತ್ರ.

2020ರ ಸೆಪ್ಟೆಂಬರ್‌ನಲ್ಲಿ ನಾಸ್ಕಾರ್‌ನವರು ಹೇಳಿದ್ದೇನು? ಈ ದೊಡ್ಡ ಟ್ರ್ಯಾಕ್ ತೆಗೆದು ಅರ್ಧ ಮೈಲಿಯ ಶಾರ್ಟ್ ಟ್ರ್ಯಾಕ್ ಮಾಡುತ್ತೇವೆ. ನನಗೆ ಖುಷಿಯೇ ಆಗಿತ್ತು. ಆಮೇಲೆ 433 ಎಕರೆ ಮಾರಿದರು, 50 ಕೋಟಿ ಡಾಲರಿಗೂ ಮೇಲೆ. ಅಲ್ಲಿಗೆ ಗೋದಾಮುಗಳು. ಸುಮಾರು 90 ಎಕರೆ ತಮಗೆ ಇಟ್ಟುಕೊಂಡರು, ಶಾರ್ಟ್ ಟ್ರ್ಯಾಕಿಗೆ ಅಂತ. 2023ರ ಫೆಬ್ರವರಿಯಲ್ಲಿ ಕೊನೆಯ ಓಟ. ಶನಿವಾರ ಮಳೆ. ಚಿಕ್ಕ ತೇರನ್ನು ಭಾನುವಾರ ದೊಡ್ಡ ತೇರಿನ ಹಿಂದೆ ಎಳೆದರು. ಗೆದ್ದವನು ಜಾನ್ ಹಂಟರ್ ನೆಮಚೆಕ್. ಇದೇ ದರ್ಜೆಯ 1992ರ ಚಾಂಪಿಯನ್ ಜೋ ನೆಮಚೆಕ್‌ನ ಮಗ. ಚಳಿಗೆ ನನ್ನ ಮಗ ನನ್ನ ಸ್ವೆಟರ್ ಹಾಕಿಕೊಂಡಿದ್ದ, ಅವನಿಗೆ ಆಗಲೇ ಅದು ಸರಿಯಾಗಿ ಆಗುತ್ತಿತ್ತು. ಅದೇ ವರ್ಷ ಕೆಡವಲು ಶುರು ಮಾಡಿದರು.

ಆಮೇಲೆ? ಆಮೇಲೆ ಏನೂ ಇಲ್ಲ. ಟ್ರ್ಯಾಕೂ ಇಲ್ಲ, ತಾರೀಖೂ ಇಲ್ಲ. 2026ಕ್ಕೆ ಸ್ಯಾನ್ ಡಿಯೇಗೊ ನೌಕಾನೆಲೆಯ ಬೀದಿಯಲ್ಲಿ ಓಟ ಅಂತ ಘೋಷಣೆ ಮಾಡಿದರು. ನೌಕಾಪಡೆಯ ಅಂಗಳದಲ್ಲಿ ಜಾಗ ಸಿಗುತ್ತದೆ. ಅವರದ್ದೇ 90 ಎಕರೆಯಲ್ಲಿ ಸಿಗಲ್ಲ!

ಇನ್ನು ನನ್ನ ಕಥೆ. ಯಾವ ಸಭೆ, ಎಲ್ಲಿ ಅಂತ ಹೇಳಲ್ಲ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೋದೆ. ಚೀಟಿ ಬರೆದುಕೊಟ್ಟು ಮೂರು ಗಂಟೆ ಕೂತೆ. ಮಾತಾಡಲು ಮೂರು ನಿಮಿಷ ಅಂದಿದ್ದರು, ನನ್ನ ಸರದಿ ಬರುವಷ್ಟರಲ್ಲಿ ಅದು ಒಂದು ನಿಮಿಷ ಆಗಿತ್ತು. ಹೆಸರನ್ನು ಮೂರು ಥರ ಕರೆದರು, ಮೂರನೆಯದು ನಾನೇ ಇರಬೇಕು ಅಂತ ಎದ್ದೆ. ಎರಡು ಪುಟ ಬರೆದುಕೊಂಡು ಹೋಗಿದ್ದೆ. ಟಾಡ್ ಬೊಡೈನ್ ಅನ್ನುವಷ್ಟರಲ್ಲಿ ಹಳದಿ ದೀಪ. ಗಾಬರಿಯಲ್ಲಿ ಎಲ್ಲ ಬಿಟ್ಟು ಒಂದೇ ಮಾತು ಹೇಳಿದೆ: ನಮಗೆ ಶಾರ್ಟ್ ಟ್ರ್ಯಾಕ್ ಬೇಕು, ಯಾವಾಗ ಕೊಡ್ತೀರಿ? ಕೆಂಪು ದೀಪ. 'ಥ್ಯಾಂಕ್ಯೂ ಸರ್.'

ಕೆಲವು ವಾರ ಬಿಟ್ಟು ಸಭೆಯ ನಡಾವಳಿ ತೆಗೆದು ನೋಡಿದೆ. ನನ್ನ ಹೆಸರು, ನಾಲ್ಕನೆಯ ಥರದಲ್ಲಿ. ಮುಂದೆ ಒಂದು ಸಾಲು: ಈ ನಿವಾಸಿ ಚಿಕ್ಕ ಟ್ರಕ್‌ಗಳು ಬೇಕೆಂದು ಕೋರಿದರು.

ಟ್ರಕ್! ಸ್ವಾಮಿ, ಚೆರ್ರಿ ಅವೆನ್ಯೂ ಪಕ್ಕ ಮನೆ ಇರುವವನು ಟ್ರಕ್ ಕೇಳುತ್ತಾನಾ? ಬೆಳಿಗ್ಗೆ ಐದಕ್ಕೆ ಗೋದಾಮಿನ ಟ್ರಕ್‌ಗಳ ಬ್ರೇಕಿನ ಸದ್ದಿಗೇ ಏಳುವವನು ನಾನು. ಸಿಗ್ನಲ್‌ನಲ್ಲಿ ನನ್ನ ಕಾರಿನ ಹಿಂದೊಂದು, ಮುಂದೊಂದು, ಪಕ್ಕದಲ್ಲೊಂದು. ಸ್ಯಾಂಟಾ ಅನಾ ಗಾಳಿ ಬೀಸಿದ ದಿನ ತುಳಸಿ ಕಟ್ಟೆ ತೊಳೆದ ನೀರು ಬೂದಿ ಬಣ್ಣ. ನನ್ನ ಉಚ್ಚಾರಣೆ ಹಾಸನದ್ದು, ಒಪ್ಪಿಕೊಂಡೆ. ಆದರೆ ಆ ಸಾಲು ಬರೆದವರಿಗೆ ಒಂದು ಕ್ಷಣವಾದರೂ ಅನುಮಾನ ಬರಬಾರದಿತ್ತಾ? ತಿದ್ದಿ ಅಂತ ಮೇಲ್ ಹಾಕಿದೆ. ನನ್ನ ಅಭಿಪ್ರಾಯ ಅವರಿಗೆ ಮುಖ್ಯವಂತೆ.

ಒಂದು ವಿಷಯ ಮುಚ್ಚಿಡಲ್ಲ. ನಾನು ಕೆಲಸ ಮಾಡುವುದು ಗೋದಾಮಿನ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್‌ನಲ್ಲಿ. ನನ್ನ ಅನ್ನವೂ ಅಲ್ಲಿಂದಲೇ. ಹಾಗಾಗಿ ಗೋದಾಮು ಬೇಡ ಅಂತ ನಾನು ಹೇಳುವ ಹಾಗಿಲ್ಲ, ಹೇಳುತ್ತಲೂ ಇಲ್ಲ. 433 ಎಕರೆ ಹೋಯಿತು, ಹೋಗಲಿ. ಉಳಿದದ್ದರ ಮಾತು ಹೇಳಿ.

ನಿಯಮಗಳನ್ನು ನಾನು ನಿಮಗೆ ಹೇಳಿಕೊಡಬೇಕಿಲ್ಲ. ಎಲ್ಲಿ ಏನು ಕಟ್ಟಬಹುದು ಅನ್ನುವ ಝೋನಿಂಗ್ ಗೊತ್ತು, ಸೀಕ್ವಾ ಅನ್ನುವ ಪರಿಸರ ಕಾಯ್ದೆ ಗೊತ್ತು, ಧೂಳಿನ 403ನೇ ರೂಲ್ ಗೊತ್ತು, ಸಭೆಯಲ್ಲಿ ಜನ ಮಾತಾಡಬಹುದು ಅನ್ನುವ ಬ್ರೌನ್ ಆಕ್ಟ್ ಬಾಯಿಪಾಠ. ಇಷ್ಟು ಗೊತ್ತಿರುವವರಿಗೆ ಜಾಗದ ಮಾಲೀಕರನ್ನು ಕರೆದು ಕೂರಿಸಿ 'ಯಾವಾಗ ಕಟ್ತೀರಿ' ಅಂತ ಎಲ್ಲರೆದುರು ಕೇಳುವುದು ಕಷ್ಟವಾ? ಖಾಸಗಿ ಜಾಗ, ಬಲವಂತ ಮಾಡಲಾಗಲ್ಲ ಅಂತೀರಿ. ಬಲವಂತ ಬೇಡ. ಸುಮ್ನೆ ಕೇಳಿ. ಉತ್ತರವನ್ನು ನಮಗೆ ಹೇಳಿ.

ಯಾಕೆ ಅವಸರ ಅಂದ್ರೆ ಇದು ನಮ್ಮ ಸೀಮೆಯಲ್ಲಿ ಮೂರನೇ ಸಲ. ಪಕ್ಕದ ಒಂಟಾರಿಯೋದಲ್ಲಿ 1970ರಲ್ಲಿ ಎರಡೂವರೆ ಮೈಲಿಯ ಟ್ರ್ಯಾಕ್ ಕಟ್ಟಿ ಹತ್ತೇ ವರ್ಷಕ್ಕೆ ಮುಚ್ಚಿದರು. ರಿವರ್‌ಸೈಡ್ ರೇಸ್‌ವೇ 1989ರಲ್ಲಿ ಹೋಯಿತು, ಅಲ್ಲೀಗ ಮೊರೆನೊ ವ್ಯಾಲಿಯ ಮಾಲ್. ಆ ಮಾಲ್‌ನಲ್ಲಿ ನಾನು ಚಪ್ಪಲಿ ಕೊಂಡಿದ್ದೇನೆ. ಅಲ್ಲಿ ಕಾರು ಓಡುತ್ತಿತ್ತು ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು.

ಕಟ್ಟುವುದಾದರೆ ತಾರೀಖು ಹೇಳಿ. ಕಟ್ಟುವುದಿಲ್ಲ ಅಂದ್ರೆ ಅದನ್ನಾದರೂ ಬಾಯಿಬಿಟ್ಟು ಹೇಳಿ. ಎರಡರಲ್ಲಿ ಒಂದು. ನಾನು ಮೂರು ಸಾವಿರ ಸೀಟಿನದ್ದೊಂದು ಸಣ್ಣ ಟ್ರ್ಯಾಕ್ ಆದರೂ ಬರುತ್ತೇನೆ. ದೊಡ್ಡ ತೇರು ಬೇಡ. ಶನಿವಾರ ಸಾಕು.

ಮಗ ಈಗ ಕಾಲೇಜಿನಲ್ಲಿದ್ದಾನೆ. ಮೊನ್ನೆ ಅವನ ರೂಮು ಗುಡಿಸುವಾಗ ಹಳೇ ಹಾರ್ಲಿಕ್ಸ್ ಬಾಟಲಿ ಸಿಕ್ಕಿತು, ಅರ್ಧದಷ್ಟು ಕರಿ ರಬ್ಬರ್ ಚೂರು. ಮುಚ್ಚಳ ತೆಗೆದರೆ ಇನ್ನೂ ಆ ವಾಸನೆ ಇದೆ. ಫೋನ್ ಮಾಡಿ ಎಸೆಯಲಾ ಅಂದೆ. 'ಬೇಡಪ್ಪ, ಹೊಸದು ಕಟ್ಟಿದ ಮೇಲೆ ಉಳಿದರ್ಧ ತುಂಬಿಸ್ತೀನಿ' ಅಂದ. ಯಾವಾಗ ಕಟ್ತಾರೆ ಅಂತಲೂ ಕೇಳಿದ. ನಿಮ್ಮನ್ನು ಕೇಳಿ ಹೇಳ್ತೀನಿ ಅಂದಿದ್ದೇನೆ.

ಉತ್ತರ ಬರೆಯುವವರಿಗೆ ಒಂದು ವಿನಂತಿ: ಟ್ರ್ಯಾಕ್. 'ಟ್ರ'ಗೆ ಯಕಾರದ ಒತ್ತು ಇದೆ.

ಇಂತಿ,
ಚೆರ್ರಿ ಅವೆನ್ಯೂ ಪಕ್ಕದ ಹಾಸನದವನು