ಮಳೆಗಾಲದಲ್ಲಿ ಪುಟ್ಟ ಮಕ್ಕಳಿಗೆ ಶೂ ಬೇಡ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನಲ್ಲಿ ಜೂನ್ ತಿಂಗಳೆಂದರೆ ಶಾಲೆಯೂ ಶುರು, ಮಳೆಯೂ ಶುರು. ಸರಿಯಾಗಿ ಆ ಹೊತ್ತಿಗೇ ಮೂರು ವರ್ಷ ಕೂಡ ತುಂಬದ ಮಕ್ಕಳಿಗೆ ಕಪ್ಪು ಶೂ, ಬಿಳಿ ಸಾಕ್ಸ್ ಕಡ್ಡಾಯ ಎಂದು ಕೆಲವು ನರ್ಸರಿಗಳು ಹೇಳುತ್ತವೆ. ದಯವಿಟ್ಟು ಈ ನಿಯಮ ಬಿಡಿ ಎಂದು ಕೇಳಲು ಈ ಪತ್ರ.

ನನ್ನ ಪುಳ್ಳಿ ಹೋಗುವ ನರ್ಸರಿಯಲ್ಲೂ ಹೀಗೇ. ನಮ್ಮ ಮನೆಯಿಂದ ವ್ಯಾನ್ ನಿಲ್ಲುವಲ್ಲಿಗೆ ಅಡಿಕೆ ತೋಟದ ಬದಿಯ ಮುರಕಲ್ಲಿನ ದಾರಿ. ಅಲ್ಲಿಗೆ ಮುಟ್ಟುವಾಗಲೇ ಸಾಕ್ಸ್ ಚಂಡಿ. ಅದರಲ್ಲೇ ಮಗು ಮಧ್ಯಾಹ್ನದವರೆಗೆ ಕೂರಬೇಕು. ಮನೆಗೆ ಬಂದು ಬಿಚ್ಚಿದರೆ ಪಾದವೆಲ್ಲ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಬೆರಳ ಸಂದಿಯಲ್ಲಿ ಚರ್ಮ ಸುಲಿದು ತುರಿಕೆ. ಫಂಗಸ್ ಬೆಳೆಯಲು ಇಷ್ಟು ಸಾಕು. ಮುಲಾಮು ಹಚ್ಚಿದರೆ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಪಾದ ಒಣಗದೆ ಮುಲಾಮು ಏನು ಮಾಡೀತು? ಟೀಚರಲ್ಲಿ ಹೇಳಿದರೆ, "ಯೂನಿಫಾರ್ಮ್ ಅಲ್ವಾ ಅಜ್ಜಿ" ಎನ್ನುತ್ತಾರೆ.

ಚಿಕ್ಕಂದಿನಿಂದಲೇ ಶೂ ಹಾಕಿದರೆ ಪಾದ ಚಂದ ಬೆಳೆಯುತ್ತದೆ ಎಂಬ ನಂಬಿಕೆ ಬೇರೆ ಇದೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತು ತೆಗೆದು ನೋಡಿದ್ದರು. 1992ರಲ್ಲಿ ಅದು ಪ್ರಕಟವಾಯಿತು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ. ಬರಿಗಾಲಿನವರಲ್ಲಿ 2.8 ಮಾತ್ರ. ಚಪ್ಪಲಿ, ಸ್ಯಾಂಡಲ್ ಹಾಕುವವರಿಗಿಂತ ಬೆರಳು ಮುಚ್ಚುವ ಶೂ ಹಾಕುವವರಲ್ಲೇ ಜಾಸ್ತಿ. ನಮ್ಮ ಕರಾವಳಿಯ ವೈದ್ಯರೇ ಮಾಡಿದ ಕೆಲಸ ಇದು. ನಮ್ಮ ಶಾಲೆಗಳಿಗೇ ಗೊತ್ತಿಲ್ಲ ಎಂದು ಬೇಸರವಾಗುತ್ತದೆ.

ಹಾಗೆಂದು ಎರಡು ವರ್ಷದ ಮಗುವಿನ ಪಾದ ಚಪ್ಪಟೆ ಕಂಡರೆ ಹೆದರಬೇಡಿ. ಆ ಪ್ರಾಯದಲ್ಲಿ ಪಾದದ ಅಡಿಯಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ. ಪಾದದ ಒಳಬದಿಯ ಬಾಗು, ಅಂದರೆ ಕಮಾನು, ಕಾಣಲು ಐದಾರು ವರ್ಷವಾದರೂ ಬೇಕು. ಎತ್ತರದಲ್ಲಿ ಬಿಸ್ಕೆಟ್ ಡಬ್ಬಿ ತೋರಿಸಿ, ಮಗು ತುದಿಗಾಲಲ್ಲಿ ನಿಲ್ಲುತ್ತದೆ. ಆಗ ಕಮಾನು ಮೂಡಿದರೆ, ನೋವೂ ಇಲ್ಲದಿದ್ದರೆ ಯಾವ ಚಿಕಿತ್ಸೆಯೂ ಬೇಡ. ನಮ್ಮ ನೆರೆಮನೆಯವರಿಗೆ ಒಂದು ಅಂಗಡಿಯಲ್ಲಿ ಶೂ ಒಳಗೆ ಇಡುವ ದುಬಾರಿ ಇನ್‌ಸೋಲ್ ಮಾರಿದ್ದಾರೆ. ಮೆದುವಾಗಿ ಬಗ್ಗುವ ಇಂಥ ಪಾದಕ್ಕೆ ಅದರಿಂದ ಕಮಾನು ಬರುವುದಿಲ್ಲ. ಬೀಡಿ ಕಟ್ಟಿ ದುಡಿದ ಹಣ ಸುಮ್ನೆ ಹೋಯಿತು. ಪಾದ ಒಳಕ್ಕೆ ತಿರುಗಿಸಿ ನಡೆಯುವುದೂ ಹೆಚ್ಚಿನ ಮಕ್ಕಳಲ್ಲಿ ಎಂಟು ವರ್ಷದೊಳಗೆ ತಾನಾಗಿ ಸರಿಯಾಗುತ್ತದೆ.

ಡಾಕ್ಟರಿಗೆ ತೋರಿಸಬೇಕಾದ್ದು ಬೇರೆ. ಒಂದೇ ಕಾಲು ಬೇರೆ ಥರ ಕಂಡರೆ, ಪಾದ ಗಟ್ಟಿಯಾಗಿ ಬಗ್ಗದಿದ್ದರೆ, ಎರಡು ವರ್ಷ ದಾಟಿದ ಮೇಲೂ ಯಾವಾಗಲೂ ತುದಿಗಾಲಲ್ಲೇ ನಡೆದರೆ ಕಾಯಬೇಡಿ. ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಕಾಲೂರಲು ಒಪ್ಪದಿದ್ದರೆ, ಜೊತೆಗೆ ಜ್ವರವೂ ಇದ್ದರೆ, ಅದೇ ದಿನ ಹೋಗಿ.

ತಾಯಂದಿರಿಗೆ ಇನ್ನೊಂದು ಮಾತು. ಉದುರಿದ ಕೂದಲು ಸಾಕ್ಸ್ ಒಳಗೆ ಸೇರಿ ಮಗುವಿನ ಬೆರಳಿಗೆ ಸುತ್ತಿಕೊಳ್ಳುವುದುಂಟು. ಬೆರಳು ಕೆಂಪಾಗಿ ಊದುತ್ತದೆ, ಮಗು ಯಾಕೆ ಅಳುತ್ತಿದೆ ಎಂದೇ ತಿಳಿಯುವುದಿಲ್ಲ. ಸಾಕ್ಸ್ ಬಿಚ್ಚಿ ನೋಡಿ. ಕೂದಲು ಸುಲಭದಲ್ಲಿ ಬರದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಿ. ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆ ಕೆತ್ತಬೇಡಿ. ಕೆತ್ತಿದರೆ ಉಗುರು ಮಾಂಸದೊಳಗೆ ಬೆಳೆದು ಕೀವಾಗುತ್ತದೆ.

ಎಲ್ಲ ಕಡೆ ಬರಿಗಾಲು ಎಂದು ನಾನು ಹೇಳುತ್ತಿಲ್ಲ. ತೋಟದ ಮಣ್ಣಿನಲ್ಲಿ ಕೊಕ್ಕೆ ಹುಳ ಇರಬಹುದು, ಅದು ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹೊರಗೆ ಚಪ್ಪಲಿ ಬೇಕೇ ಬೇಕು. ಕೊಳ್ಳುವಾಗ ಮಗುವನ್ನು ನಿಲ್ಲಿಸಿ ಅಳತೆ ನೋಡಿ. ಉದ್ದದ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ, ಅಟ್ಟೆ ಬೆರಳಿನ ಬುಡದಲ್ಲಿ ಬಗ್ಗಲಿ. ಬರುವ ವರ್ಷಕ್ಕೂ ಆಗಲಿ ಎಂದು ದೊಡ್ಡದು ತಂದರೆ ಮಗು ಎಡವಿ ಬೀಳುತ್ತದೆ.

ನರ್ಸರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಹಾಕಲು ಬಿಡಿ. ಅಂಗನವಾಡಿಯಲ್ಲಿ ಮಾಡುವಂತೆ ಅದನ್ನು ಜಗಲಿಯಲ್ಲೇ ಬಿಚ್ಚಿಸಿ. ಬಾಗಿಲ ಬಳಿ ಒಂದು ಒಣ ಬೈರಾಸು ಇಟ್ಟು ಕಾಲೊರೆಸಿ ಒಳಗೆ ಬಿಡಿ. ಮುಂದಿನ ಪೋಷಕರ ಸಭೆಯಲ್ಲೂ ನಾನು ಇದನ್ನೇ ಕೇಳಲಿದ್ದೇನೆ. ಬೇರೆ ಶಾಲೆಗಳ ಅಪ್ಪ ಅಮ್ಮಂದಿರೂ ಕೇಳಿದರೆ ಒಳ್ಳೆಯದು.

– ನಿವೃತ್ತ ಕನ್ನಡ ಶಿಕ್ಷಕಿ, ಪೆರ್ಲ, ಕಾಸರಗೋಡು