ಭುಜ ಕೂತರೆ ಸಾಕು: ಇಂಗ್ಲೆಂಡಿನ ಲೀಡ್ಸಿನಲ್ಲಿರುವ ಮಗಳಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಪುಟ್ಟಿ,

ನಾವೆಲ್ಲ ಕ್ಷೇಮ. ದಾನವಾಗಿ ಬಂದ ಹಳೇ ಬಟ್ಟೆ ಮಾರುವ ಚಾರಿಟಿ ಅಂಗಡಿಯಲ್ಲಿ ನೀನು ಕೊಂಡ ಕೋಟಿನ, ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ನೆನಪಿರುತ್ತದೆ, ಅರ್ಧ ಹೋಗುತ್ತದೆ. ಹೊಲಿಯುವಾಗ ಪಕ್ಕದಲ್ಲಿಟ್ಟುಕೊಂಡು ನೋಡಲು ಬರಹವೇ ಬೇಕು, ಅದಕ್ಕೇ ಈ ಪತ್ರ.

ಮೊದಲು ಅಜ್ಜಿಯ ಮಾತು ಮುಗಿಸಿಬಿಡುತ್ತೇನೆ. "ಯಾರು ಹಾಕ್ಕೊಂಡು ಬಿಟ್ಟಿದ್ದೋ, ಸತ್ತವರದ್ದೋ ಏನೋ, ಅಂಥ ಬಟ್ಟೆ ನಮ್ಮ ಹುಡುಗಿ ಯಾಕೆ ಹಾಕ್ಕೋಬೇಕು" ಅಂತ ಬೇಜಾರು ಮಾಡಿಕೊಂಡರು. ನಾನು ಅವರು ಹೊದ್ದುಕೊಂಡಿದ್ದ ಕೌದಿಯನ್ನೇ ತೋರಿಸಿದೆ. ಅದರಲ್ಲಿ ಅವರ ಅಕ್ಕಂದಿರ ಸೀರೆ ಇದೆ, ತಾತನ ಪಂಚೆ ಇದೆ, ಯಾರ್ಯಾರದೋ ಲಂಗದ ತುಂಡುಗಳಿವೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಚುಚ್ಚುತ್ತದೆ ಅಂತ ಒಗೆದೊಗೆದು ಮೆತ್ತಗಾದ ಹಳೇ ಸೀರೆಯಲ್ಲಿ ಸುತ್ತುವವರು ನಾವು. ನಿನ್ನನ್ನು ಸುತ್ತಿದ್ದೂ ಹಾಗೆಯೇ. ಅಜ್ಜಿ ಒಂದಷ್ಟು ಹೊತ್ತು ಸುಮ್ಮನಿದ್ದು, "ಚೆನ್ನಾಗಿ ಒಗೆದು ಹಾಕ್ಕೋ ಅಂತ ಹೇಳು" ಅಂದರು. ಅಲ್ಲಿಗೆ ಒಪ್ಪಿಗೆ ಸಿಕ್ಕ ಹಾಗೆ.

ನೀನು ಬರೆದಿದ್ದೆ, ಕ್ಲಾಸಿನಲ್ಲಿ ಎಲ್ಲರೂ ಎಷ್ಟು ಚೆಂದ ಬಟ್ಟೆ ಹಾಕುತ್ತಾರೆ, ನನ್ನ ಹತ್ತಿರ ಅಷ್ಟು ದುಡ್ಡಿಲ್ಲ, ಚಾರಿಟಿ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಕೊಂಡರೆ ಬೇರೆಯವರ ವೇಷ ತೊಟ್ಟ ಹಾಗಿರುತ್ತದೆ ಅಂತ. ಒಂದು ಪೌಂಡಿಗೆ ನೂರು ರೂಪಾಯಿಗೂ ಮೇಲಿರುವಾಗ ಹೊಸ ಉಣ್ಣೆ ಕೋಟು ಕೊಳ್ಳು ಅಂತ ನಾನು ಹೇಳಲಾರೆ. ಆದರೆ ಆ ಬೇರೆಯವರ ವೇಷದ ಮಾತಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವಿದೆ. ಬಟ್ಟೆ ನಿನ್ನ ಮೈಗೆ ಕೂತ ದಿನ ಅದು ನಿನ್ನದಾಗುತ್ತದೆ. ಇಷ್ಟು ವರ್ಷ ಮಿಷನ್ ಮುಂದೆ ಕೂತು ನಾನು ನೋಡಿರುವುದು ಇದನ್ನೇ. ಸಾವಿರಾರು ರೂಪಾಯಿಯ ರೇಷ್ಮೆ ಸೀರೆಗೆ ಕಂಕುಳಲ್ಲಿ ಸುಕ್ಕುಬಿದ್ದ ಬ್ಲೌಸು ಹಾಕಿ ಸಪ್ಪಗೆ ಕಾಣುವವರನ್ನು ನೋಡಿದ್ದೇನೆ. ಸಾದಾ ಹತ್ತಿ ಸೀರೆಗೆ ಅಳತೆಗೆ ಸರಿಯಾಗಿ ಕೂತ ಬ್ಲೌಸು ಹಾಕಿ ಬಂದವರ ಕಡೆಗೆ ಎಲ್ಲರೂ ತಿರುಗಿ ನೋಡಿದ್ದನ್ನೂ ಕಂಡಿದ್ದೇನೆ.

ಹಾಗಾಗಿ ಅಂಗಡಿಗೆ ಹೋದಾಗ ಲೇಬಲ್ಲಿನ ಸೈಜು ನಂಬಬೇಡ. ಒಂದೊಂದು ಕಂಪನಿಯ ಹತ್ತು, ಹನ್ನೆರಡು ಒಂದೊಂದು ತರಹ, ಹಳೇ ಬಟ್ಟೆಯ ನಂಬರಂತೂ ಈಗಿನದಕ್ಕೆ ಹೊಂದುವುದೇ ಇಲ್ಲ. ಟೇಪು ಬ್ಯಾಗಿನಲ್ಲಿಟ್ಟುಕೊಂಡೇ ಹೋಗು. ನಮ್ಮ ಗಿರಾಕಿಗಳು ಅಳತೆ ಬ್ಲೌಸು ತರುತ್ತಾರಲ್ಲ, ಹಾಗೆ ನಿನಗೆ ಸರಿಯಾಗಿ ಕೂರುವ ಒಂದು ಶರ್ಟನ್ನು ಹಾಸಿಗೆಯ ಮೇಲೆ ಹರಡಿ ಭುಜ, ಎದೆ, ಸೊಂಟ, ತೋಳಿನ ಉದ್ದ ಅಳೆದು ಫೋನಿನಲ್ಲಿ ಬರೆದಿಟ್ಟುಕೋ. ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಭುಜ. ತೋಳಿನ ಹೊಲಿಗೆ ನಿನ್ನ ಭುಜದ ಮೂಳೆ ಮುಗಿಯುವಲ್ಲಿ ಕೂತಿದೆಯೋ ಇಲ್ಲವೋ. ಕೂತಿದ್ದರೆ ಮಿಕ್ಕಿದ್ದನ್ನೆಲ್ಲ ನಾವು ಮಾಡಿಕೊಳ್ಳಬಹುದು. ಇಳಿದಿದ್ದರೆ, ಕೋಟು ಎಷ್ಟೇ ಚೆಂದವಿರಲಿ, ಅಲ್ಲೇ ಬಿಟ್ಟು ಬಾ. ಭುಜ ಸರಿಮಾಡಬೇಕೆಂದರೆ ತೋಳು ಪೂರ್ತಿ ಬಿಚ್ಚಬೇಕು, ಒಳಗಿನ ಪ್ಯಾಡು, ಕೋಟನ್ನು ಗಟ್ಟಿಯಾಗಿ ನಿಲ್ಲಿಸುವ ಕ್ಯಾನ್ವಾಸು ಎಲ್ಲ ಹೊರಗೆ ಬರುತ್ತವೆ. ನುರಿತ ಕೋಟು ಟೈಲರುಗಳೇ ಆ ಕೆಲಸಕ್ಕೆ ಮುಖ ಸಿಂಡರಿಸುತ್ತಾರೆ.

ಇನ್ನೊಂದು, ಬಿಗಿಯಾದದ್ದನ್ನು ಸಡಿಲ ಮಾಡಬಹುದು ಅಂದುಕೊಂಡು ತರಬೇಡ. ನಾನು ಬ್ಲೌಸಿಗೆ ಎರಡೂ ಕಡೆ ಒಂದೂವರೆ ಇಂಚು ಮಾರ್ಜಿನ್ ಬಿಡುತ್ತೇನೆ, ಮೈ ಬಂದಾಗ ಬಿಚ್ಚಿಕೊಳ್ಳಲಿ ಅಂತ. ರೆಡಿಮೇಡಿನಲ್ಲಿ ಅರ್ಧ ಇಂಚಿದ್ದರೆ ಪುಣ್ಯ. ಅದೂ ಅಲ್ಲದೆ ಹಳೇ ಹೊಲಿಗೆ ಬಿಚ್ಚಿದರೆ ಸೂಜಿಯ ತೂತುಗಳ ಸಾಲು ಉಳಿಯುತ್ತದೆ, ಬಣ್ಣ ಮಾಸದೆ ಉಳಿದ ಗೆರೆ ಎದ್ದು ಕಾಣುತ್ತದೆ. ಎರಡು ಮೂರು ಇಂಚು ದೊಡ್ಡದಿರುವುದನ್ನು ತಂದು ಚಿಕ್ಕದು ಮಾಡುವುದೇ ಜಾಣತನ. ಆದರೆ ತೀರಾ ದೊಡ್ಡ ಸೈಜಿನ ಒಳ್ಳೆಯ ಚಳಿಗಾಲದ ಕೋಟನ್ನು ಬರೀ ಬಟ್ಟೆಯ ಆಸೆಗೆ ಕತ್ತರಿಸಬೇಡ ಕಣೇ. ದಪ್ಪ ಮೈಯವರಿಗೆ ಅಳತೆಗೆ ಸರಿಯಾದ ಬಟ್ಟೆ ಸಿಗುವುದು ಎಷ್ಟು ಕಷ್ಟ ಅಂತ ನನ್ನ ಹತ್ತಿರ ಬರುವ ಹೆಂಗಸರು ಹೇಳಿಕೊಳ್ಳುತ್ತಾರೆ. ಅದನ್ನು ಅವರಿಗೇ ಬಿಡು.

ಈಗ ನಿನ್ನ ಕೋಟು. ಒಳಗಿನ ಲೇಬಲ್ಲಿನಲ್ಲಿ ಸೇಂಟ್ ಮೈಕಲ್ ಅಂತಿದೆಯಲ್ಲ, ಅದು ಬ್ರಿಟನ್ನಿನ ದೊಡ್ಡ ಅಂಗಡಿ ಕಂಪನಿ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನವರು 2000ದವರೆಗೆ ಹಾಕುತ್ತಿದ್ದ ಹೆಸರು. ಅಂದರೆ ನಿನ್ನ ಕೋಟಿಗೆ ಹೆಚ್ಚುಕಡಿಮೆ ನಿನ್ನಷ್ಟೇ ವಯಸ್ಸು, ಅಥವಾ ನಿನಗಿಂತ ದೊಡ್ಡದು. ಆ ಕಂಪನಿ ಶುರುವಾದದ್ದೂ ನಿಮ್ಮ ಲೀಡ್ಸಿನಲ್ಲೇ. 1884ರಲ್ಲಿ ಮೈಕಲ್ ಮಾರ್ಕ್ಸ್ ಅನ್ನುವವರು ಕರ್ಕ್‌ಗೇಟ್ ಮಾರ್ಕೆಟ್ಟಿನಲ್ಲಿ ಇಟ್ಟ ಪೆನ್ನಿ ಬಜಾರಿನಿಂದ. ನೀನು ಗುಂಡಿ, ಜಿಪ್ಪು ಹುಡುಕಿಕೊಂಡು ಹೋಗುವ ಮಾರ್ಕೆಟ್ಟು ಅದೇ. ಉಣ್ಣೆ ಗಟ್ಟಿಯಾಗಿದೆ, ನೇವಿ ಬ್ಲೂ ಮಾಸಿಲ್ಲ, ಭುಜ ಕೂತಿದೆ. ಸೊಂಟದಲ್ಲಿ ಗೋಣಿಚೀಲದ ಹಾಗೆ ನಿಂತಿದೆ, ತೋಳು ಉದ್ದ, ಕಂಕುಳಲ್ಲಿ ಲೈನಿಂಗ್ ಹರಿದಿದೆ. ಆಲ್ಟರ್ ಮಾಡಿಸಲು ಕೋಟಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಕೇಳಿದರು ಅಂದೆಯಲ್ಲ. ಕೇಳಲಿ, ಅವರ ಕೆಲಸಕ್ಕೆ ಅವರ ಬೆಲೆ. ನೀನೇ ಮಾಡು. ಮಿಷನ್ ಬೇಕಿಲ್ಲ, ಕೈಹೊಲಿಗೆ ಸಾಕು.

ಸೂಜಿ ಹಿಡಿಯುವ ಮುಂಚೆ ಕೋಟನ್ನು ಬೆಳಕಿಗೆ ಹಿಡಿದು ನುಸಿ ತಿಂದ ಸಣ್ಣ ತೂತುಗಳಿವೆಯೋ ನೋಡು. ನಾವಿಲ್ಲಿ ಬೇವಿನ ಸೊಪ್ಪು, ನುಸಿಗುಳಿಗೆ ಇಡುತ್ತೇವೆ. ನೀನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡು, ಮೊಟ್ಟೆ, ಹುಳು ಎರಡೂ ಸಾಯುತ್ತವೆ. ಉಣ್ಣೆಯನ್ನು ಬಿಸಿನೀರಿಗೆ ಮಾತ್ರ ಹಾಕಬೇಡ. ಮೆಷಿನ್ನಿನ ಬಿಸಿನೀರಿನಲ್ಲಿ ತಿರುಗಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕುಗ್ಗಿ ದಪ್ಪಗಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಒಳಗಿನ ಲೇಬಲ್ಲಿನಲ್ಲಿ ಡ್ರೈಕ್ಲೀನ್ ಅಂತಿದ್ದರೆ ಅದೊಂದಕ್ಕೆ ದುಡ್ಡು ಖರ್ಚು ಮಾಡು. ಅಜ್ಜಿಗೆ ಮಾತು ಕೊಟ್ಟಿದ್ದೇನೆ.

ಆಮೇಲೆ ಒಳಗೆ ಸ್ವೆಟರ್ ಹಾಕಿಕೊಂಡು, ಅದರ ಮೇಲೆ ಕೋಟನ್ನು ಒಳಮೇಲು ಮಾಡಿ ತೊಟ್ಟುಕೋ. ಸ್ವೆಟರ್ ಇಲ್ಲದೆ ಪಿನ್ ಚುಚ್ಚಿದರೆ ಜನವರಿಯಲ್ಲಿ ಗುಂಡಿ ಹಾಕಲು ಬರುವುದಿಲ್ಲ. ಸ್ನೇಹಿತೆ ಯಾರಾದರೂ ಇದ್ದರೆ ಅವಳ ಕೈಲಿ ಎರಡೂ ಪಕ್ಕದಲ್ಲಿ ಪಿನ್ ಹಾಕಿಸು. ಕಂಕುಳಿನ ಕೆಳಗೆ ಎರಡು ಇಂಚು ಬಿಟ್ಟು ಶುರು ಮಾಡಬೇಕು, ಅದಕ್ಕಿಂತ ಮೇಲೆ ಹಿಡಿದರೆ ತೋಳು ಕೂರಿಸುವ ಆರ್ಮ್‌ಹೋಲ್ ಕೆಡುತ್ತದೆ. ಶುರುವಿನಲ್ಲಿ ಸೊನ್ನೆ, ಸೊಂಟಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಇಂಚು, ಅಲ್ಲಿಂದ ಕೆಳಗೆ ಇಳಿಯುತ್ತಾ ಮತ್ತೆ ಸೊನ್ನೆ. ಒಂದೊಂದು ಪಕ್ಕದಲ್ಲಿ ಮುಕ್ಕಾಲು ಇಂಚು ಹಿಡಿದರೆ, ಮುಂದಿನ ಹಿಂದಿನ ಎರಡೂ ಬಟ್ಟೆ ಸೇರಿ, ಸುತ್ತಳತೆಯಲ್ಲಿ ಮೂರು ಇಂಚು ಕಡಿಮೆಯಾಗುತ್ತದೆ, ಅಷ್ಟೇ ಬೇಕಾದದ್ದು. ಕೋಟು ಬಿಚ್ಚಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೆಳಗಡೆ ಲೈನಿಂಗನ್ನು ಒಂದು ಗೇಣು ಬಿಚ್ಚು. ಕೈ ಒಳಗೆ ಹಾಕಿ ಪಕ್ಕದ ಹೊಲಿಗೆಯನ್ನು ಹೊರಗೆ ಎಳೆದುಕೊಂಡು ಮೊದಲು ಆಮೇಲೆ ಬಿಚ್ಚಲು ಬರುವಂಥ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕು. ಮತ್ತೆ ತೊಟ್ಟು ನೋಡು. ಕೈ ಎತ್ತು, ಕುರ್ಚಿಯ ಮೇಲೆ ಕೂರು, ಬಗ್ಗು. ಎಲ್ಲೂ ಎಳೆಯಲಿಲ್ಲ ಅಂದರೆ ಮಾತ್ರ ಡಬಲ್ ದಾರದಲ್ಲಿ ಹತ್ತಿರ ಹತ್ತಿರ ಬ್ಯಾಕ್ ಸ್ಟಿಚ್, ಅಂದರೆ ಪ್ರತಿ ಸಲ ಸೂಜಿ ಹಿಂದಕ್ಕೆ ಚುಚ್ಚಿ ಮುಂದೆ ತೆಗೆಯುವ ಹೊಲಿಗೆ. ಮಿಕ್ಕ ಬಟ್ಟೆ ಕತ್ತರಿಸಬೇಡ, ಒಳಗೇ ಇರಲಿ. ನಾಳೆ ನೀನು ಒಂದಿಷ್ಟು ಮೈ ಬಂದರೆ ಬೇಕಾಗುತ್ತದೆ, ಬರಲಿ ಅಂತಲೇ ನನ್ನ ಆಸೆ.

ಹೊಲಿಗೆ ಮುಗಿದ ಮೇಲೆ ಇಸ್ತ್ರಿ. ಅರ್ಧ ಕೆಲಸ ಹೊಲಿಗೆಯದ್ದಾದರೆ ಇನ್ನರ್ಧ ಇದರದ್ದು. ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತು, ಎತ್ತು, ಪಕ್ಕಕ್ಕಿಡು. ಉಜ್ಜಬೇಡ, ಉಣ್ಣೆ ಹೊಳಪು ಬಂದು ಹಳೇದಾಗಿ ಕಾಣುತ್ತದೆ.

ತೋಳು ಮಣಿಕಟ್ಟಿನ ಮೂಳೆಗೆ ನಿಲ್ಲಲಿ. ಬಟ್ಟೆಯನ್ನು ಒಳಗೆ ಮಡಿಸಿ ಹೆಮ್ಮಿಂಗ್ ಮಾಡು, ಲೈನಿಂಗನ್ನು ಮಾತ್ರ ಬಿಗಿಯಾಗಿ ಎಳೆದು ಹೊಲಿಯದೆ ಅರ್ಧ ಇಂಚು ಸಡಿಲ ಬಿಡು. ಇಲ್ಲದಿದ್ದರೆ ಕೈ ಚಾಚಿದಾಗಲೆಲ್ಲ ತೋಳಿನ ತುದಿ ಒಳಕ್ಕೆ ಸೆಳೆದುಕೊಳ್ಳುತ್ತದೆ. ಗುಂಡಿ ಹೊಲಿಯುವಾಗ ಬಟ್ಟೆಗೂ ಗುಂಡಿಗೂ ನಡುವೆ ಬೆಂಕಿಕಡ್ಡಿ ಇಟ್ಟು ಹೊಲಿ. ಆಮೇಲೆ ಕಡ್ಡಿ ತೆಗೆದು, ಉಳಿದ ಸಡಿಲ ದಾರದ ಸುತ್ತ ನಾಲ್ಕೈದು ಸುತ್ತು ಸುತ್ತಿ ಗಂಟು ಹಾಕು. ದಪ್ಪ ಕೋಟಿಗೆ ಆ ಎತ್ತರ ಬೇಕೇ ಬೇಕು.

ನೀನು ಕೇಳಿದ ಇನ್ನೆರಡಕ್ಕೆ, ಗಂಡಸರ ಶರ್ಟು ಕೊಳ್ಳಬಹುದೇ, ಮಾಸಿದ್ದಕ್ಕೆ ಬಣ್ಣ ಹಾಕಬಹುದೇ ಅನ್ನುವುದಕ್ಕೆ, ಚುಟುಕಾಗಿ ಹೇಳುತ್ತೇನೆ. ಗಂಡಸರ ಶರ್ಟುಗಳ ರ‍್ಯಾಕನ್ನು ತಪ್ಪದೆ ನೋಡು, ಒಳ್ಳೆಯ ಹತ್ತಿ ಅಲ್ಲೇ ಜಾಸ್ತಿ ಸಿಗುತ್ತದೆ. ಮಾಸಿದ ಬಟ್ಟೆಗೆ ಬಣ್ಣ ಹಾಕಬೇಕೆಂದರೆ ಹತ್ತಿಯದ್ದಾದರೆ ಹಾಕು, ಪಾಲಿಯೆಸ್ಟರಿಗೆ ಮಾಮೂಲಿ ಬಣ್ಣ ಹಿಡಿಯುವುದಿಲ್ಲ. ಹತ್ತಿ ಬಟ್ಟೆಯಲ್ಲೂ ಹೊಲಿಗೆಯ ದಾರ ಸಾಮಾನ್ಯವಾಗಿ ಪಾಲಿಯೆಸ್ಟರಿನದ್ದೇ ಇರುತ್ತದೆ, ಅದು ಹಳೇ ಬಣ್ಣದಲ್ಲೇ ಉಳಿಯುತ್ತದೆ. ಬಿಳಿ ಶರ್ಟಿಗೆ ಕಡುನೀಲಿ ಹಾಕಿದರೆ ಬಿಳಿ ಹೊಲಿಗೆ ಎದ್ದು ಕಾಣುತ್ತದೆ. ಗೊತ್ತಿದ್ದು ಮಾಡಿದರೆ ಅದೂ ಚೆಂದವೇ.

ಇನ್ನು ಸ್ಟೈಲು. ಪುಟ್ಟಿ, ಇದಕ್ಕೆ ಫೋನಿನಲ್ಲಿ ಬೇರೆಯವರ ಫೋಟೋ ನೋಡುತ್ತಾ ಕೂರಬೇಡ. ನಿನ್ನ ಕಬೋರ್ಡು ತೆಗೆದು, ಒಗೆದ ತಕ್ಷಣ ಮತ್ತೆ ಹಾಕಿಕೊಳ್ಳುವ ಬಟ್ಟೆ ಯಾವುದು ನೋಡು. ನನ್ನ ಗಿರಾಕಿಗಳಲ್ಲಿ ಒಬ್ಬರಿದ್ದಾರೆ, ಎಷ್ಟು ಡಿಸೈನಿನ ಪುಸ್ತಕ ತಿರುವಿದರೂ ಕೊನೆಗೆ ಮೊಣಕೈವರೆಗಿನ ತೋಳು, ಚೌಕಾಕಾರದ ಕುತ್ತಿಗೆಯನ್ನೇ ಹೇಳುತ್ತಾರೆ. ಆ ಕುತ್ತಿಗೆ ನೋಡಿದರೆ ಇಡೀ ಓಣಿಗೆ ಅದು ಅವರ ಬ್ಲೌಸು ಅಂತ ಗೊತ್ತು. ನೀನು ಚಿಕ್ಕಂದಿನಿಂದ ಜೇಬಿಲ್ಲದ ಫ್ರಾಕು ಹಾಕಿದವಳಲ್ಲ. ಕಡುಬಣ್ಣವೇ ಇಷ್ಟ, ಹೊಳೆಯುವುದೆಂದರೆ ಆಗದು, ಕತ್ತು ಮುಚ್ಚುವ ಕಾಲರೆಂದರೆ ಪ್ರಾಣ. ಅಪ್ಪನ ಹಳೇ ಶರ್ಟು ಮೊಣಕೈ ಹರಿದರೂ ಬಿಡಲಿಲ್ಲ. ನಿನ್ನ ಸ್ಟೈಲು ಅಲ್ಲೇ ಇದೆ, ಹೊಸದಾಗಿ ಹುಡುಕುವುದೇನೂ ಇಲ್ಲ. ಅಂಗಡಿಯಲ್ಲಿ ಇವಿಷ್ಟಕ್ಕೆ ಹೊಂದುವುದನ್ನು ಮಾತ್ರ ಎತ್ತಿಕೋ. ಅಗ್ಗ ಅಂತ ತಂದು ಮೂಲೆಯಲ್ಲಿ ಪೇರಿಸಿದರೆ ಅದೂ ದುಂದುವೆಚ್ಚವೇ.

ಆ ಚಾರಿಟಿ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದದ್ದರಲ್ಲಿ ಎಷ್ಟೋ ಪಾಲು ಹಡಗು ಹತ್ತಿ ಬೇರೆ ದೇಶಗಳಿಗೆ ಹೋಗುತ್ತದಂತಲ್ಲ. ನಮ್ಮ ಹರಿಯಾಣದ ಪಾಣಿಪತ್ತಿಗೂ ಬರುತ್ತದೆ, ಅಲ್ಲಿ ಉಣ್ಣೆ ಬಟ್ಟೆಗಳನ್ನು ಹರಿದು ಚಿಂದಿ ಮಾಡಿ ಮತ್ತೆ ನೂಲು ತೆಗೆದು ಅಗ್ಗದ ಕಂಬಳಿ ನೇಯುತ್ತಾರೆ. ಈ ವಿದ್ಯೆ ಶುರುವಾದದ್ದು ನಿನ್ನ ಹತ್ತಿರದ ಬ್ಯಾಟ್ಲಿಯಲ್ಲೇ, 1813ರಲ್ಲಿ ಬೆಂಜಮಿನ್ ಲಾ ಅನ್ನುವವರಿಂದ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಈ ಮಿಲ್ಲುಗಳ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ಆದರೂ ಅಷ್ಟು ಒಳ್ಳೆಯ ಕೋಟು ಚಿಂದಿಯಾಗುವ ಬದಲು ನಿನ್ನ ಮೈಮೇಲಿರುವುದು ನನಗೆ ಹೆಚ್ಚು ಸಂತೋಷ.

ಪಾರ್ಸಲ್ ಕಳಿಸುತ್ತಿದ್ದೇನೆ. ಅದರಲ್ಲಿ ಗುಳೇದಗುಡ್ಡದ ಖಣ ಇದೆ, ಕೆಂಪು ಹಸಿರಿನದ್ದು. ನೇವಿ ಬ್ಲೂ ಕೋಟಿನ ಜೇಬಿನ ಮುಚ್ಚಳದ ಒಳಗೆ, ಕಾಲರಿನ ಕೆಳಭಾಗಕ್ಕೆ ಹಚ್ಚು. ಕಾಲರ್ ಎತ್ತಿದಾಗ ಮಾತ್ರ ಕಾಣಬೇಕು, ನಿನ್ನ ಸ್ವಭಾವಕ್ಕೆ ಅದೇ ಸರಿ. ಲೈನಿಂಗ್ ಪೂರ್ತಿ ಖಣದಲ್ಲಿ ಮಾಡಬೇಡ, ಉಜ್ಜಿ ಉಜ್ಜಿ ಎಳೆ ಬಿಟ್ಟೀತು. ಹೊಲಿಯುವ ಮುಂಚೆ ತಣ್ಣೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸು, ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಒದ್ದೆ ಇರುವಾಗ ಬಿಳಿ ಬಟ್ಟೆ ಒತ್ತಿ ನೋಡು, ಕೆಂಪು ಹತ್ತಿದರೆ ಬಣ್ಣ ಬಿಡುವುದು ನಿಲ್ಲುವವರೆಗೂ ತೊಳೆ. ಕಂಕುಳಿನ ಲೈನಿಂಗಿಗೆ ನೀಲಿ ತುಂಡು ಇಟ್ಟಿದ್ದೇನೆ. ಕೋಟಿಗೆ 14 ನಂಬರಿನದ್ದು, ಜೀನ್ಸಿಗೆ 16ರದ್ದು ಅಂತ ಮಿಷನ್ ಸೂಜಿಗಳೂ ಇವೆ, ನಿಮ್ಮ ಹಾಸ್ಟೆಲಿನ ಹುಡುಗಿ ಮಿಷನ್ ಕೊಟ್ಟರೆ ಬೇಕಾಗುತ್ತದೆ. ಕೈಸೂಜಿ, ಬೆರಳಿಗೆ ಹಾಕುವ ಟೋಪಿ, ನನ್ನ ಹಳೇ ಟೇಪು, ಗುಂಡಿಗಳು, ಒಂದು ಪೊಟ್ಟಣ ಚಟ್ನಿಪುಡಿ. ಚಟ್ನಿಪುಡಿಯ ಪೊಟ್ಟಣವನ್ನು ಬಟ್ಟೆಗಳಿಂದ ದೂರ ಇಡು.

ಕಚ್ಚಾ ಹೊಲಿಗೆ ಹಾಕಿದ ಮೇಲೆ, ಪೂರ್ತಿ ಹೊಲಿಯುವ ಮುಂಚೆ, ಹಿಂದುಗಡೆಯಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಸಿ ಕಳಿಸು. ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತಿರಬೇಕು. ಬೆನ್ನಿನಲ್ಲಿ ಅಡ್ಡ ಸುಕ್ಕು ಬಿದ್ದಿದೆಯೋ ಇಲ್ಲವೋ ನಾನು ನೋಡಿ ಹೇಳುವವರೆಗೆ ಕಾಯಿ.

ನಿನ್ನ ಪ್ರೀತಿಯ
ಅಮ್ಮ