ಉನ್ನತ ಶಿಕ್ಷಣ ಸಚಿವರಿಗೆ ಉಡುಪಿಯ ಗಣಿತ ಅಧ್ಯಾಪಕಿಯೊಬ್ಬರ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಉಡುಪಿ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ 19 ವರ್ಷಗಳಿಂದ ಗಣಿತ ಕಲಿಸುತ್ತಿರುವ ನಾನು, ಡೇಟಾ ಸೈನ್ಸ್ (ದತ್ತಾಂಶ ವಿಜ್ಞಾನ) ಎಂಬ ಹೆಸರಿನಲ್ಲಿ ನಮ್ಮ ತರಗತಿಗಳಿಗೆ ಬಂದಿರುವ ವಿಷಯವನ್ನು ಹೇಗೆ ಕಲಿಸಬೇಕು, ಕಲಿತದ್ದನ್ನು ಹೇಗೆ ಪರೀಕ್ಷಿಸಬೇಕು ಎಂಬ ವಿಚಾರವಾಗಿ ತಮಗೆ ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಐರಿಸ್ ಹೂವಿನ ದಳಗಳ ಉದ್ದ ಮತ್ತು ಅಗಲಕ್ಕೆ ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನಲ್ಲಿ ಸರಳರೇಖೆಯೊಂದನ್ನು ಹೊಂದಿಸಿ ತೋರಿಸಿದಳು. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ತಮ್ಮ ಲೇಖನದಲ್ಲಿ ಬಳಸಿದ, ಮೂರು ಪ್ರಭೇದಗಳಿಂದ ತಲಾ 50ರಂತೆ 150 ಹೂವುಗಳ ಆ ಅಳತೆಗಳು ಇಂದಿಗೂ ಜಗತ್ತಿನ ಎಲ್ಲೆಡೆ ಮೊದಲ ಪಾಠವಾಗಿವೆ. ರೇಖೆ ಸರಿಯಾಗಿಯೇ ಇತ್ತು. ಆದರೆ ರೇಖೆಗೂ ಬಿಂದುಗಳಿಗೂ ಇರುವ ವ್ಯತ್ಯಾಸಗಳನ್ನು ಹಾಗೆಯೇ ಕೂಡಿಸದೆ ವರ್ಗ ಮಾಡಿ ಕೂಡಿಸುವುದೇಕೆ ಎಂದು ಕೇಳಿದಾಗ ಅವಳು ಸುಮ್ಮನಾದಳು. ಪ್ರೋಗ್ರಾಂ ಬರೆದುಕೊಟ್ಟದ್ದು ಚಾಟ್‌ಜಿಪಿಟಿ ಎಂಬುದನ್ನು ಅವಳು ಮುಚ್ಚಿಡಲಿಲ್ಲ. ತಪ್ಪು ಅವಳದೆಂದು ನಾನು ಹೇಳಲಾರೆ. ಆ ಪ್ರಶ್ನೆಯನ್ನು ನಮ್ಮ ಯಾವ ಪರೀಕ್ಷೆಯೂ ಅವಳಿಗೆ ಕೇಳಿರಲಿಲ್ಲ.

ಅವಳ ಮನೆ ಶಂಕರಪುರದ ಹತ್ತಿರ. ಅಂಗಳದಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ಹೂ ಮಾರುವ ಕಟ್ಟೆಯಲ್ಲಿ ಪ್ರತಿದಿನ ನಿಗದಿಯಾಗುವ ಅಟ್ಟೆಯ (ಮಲ್ಲಿಗೆಯ ಅಳತೆ) ದರವನ್ನು ಅವಳ ಅಮ್ಮ ಪುಸ್ತಕವೊಂದರಲ್ಲಿ ಬರೆದಿಡುತ್ತಾರೆಂದು ತಿಳಿದಾಗ, ಅದನ್ನೇ ತರಲು ಹೇಳಿದೆ. ಎರಡು ವರ್ಷಗಳ ದರವನ್ನು ತರಗತಿಯವರೆಲ್ಲ ಸೇರಿ ಕಂಪ್ಯೂಟರಿಗೆ ತುಂಬಿಸಿದರು. ಕ್ಷಣಾರ್ಧದಲ್ಲಿ ರೇಖೆ ಬಂತು, ಆದರೆ ಯಾವ ವಾರದ ದರಕ್ಕೂ ಅದು ತಾಳೆಯಾಗಲಿಲ್ಲ. ಮದುವೆಗಳಿಲ್ಲದ ತುಳುವರ ಆಟಿ ತಿಂಗಳು, ಹಬ್ಬಗಳು ಒಂದರ ಹಿಂದೊಂದು ಬರುವ ಸೋಣ ತಿಂಗಳು, ಹೂವೇ ಸಿಗದ ಜಡಿಮಳೆಯ ದಿನಗಳು, ಇವೆಲ್ಲವೂ ಆ ಅಂಕಿಗಳಲ್ಲಿ ಸೇರಿಕೊಂಡಿದ್ದವು. ಚೌತಿಯ ಹಿಂದಿನ ದಿನ ದರ ಥಟ್ಟನೆ ಏರಿದ್ದರಿಂದ ಇಡೀ ರೇಖೆ ಆ ಕಡೆಗೆ ಎಳೆಯಲ್ಪಟ್ಟಿತ್ತು. ಆಗ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು: ವ್ಯತ್ಯಾಸ 10 ರೂಪಾಯಿ ಇದ್ದರೆ ಅದರ ವರ್ಗ 100, ವ್ಯತ್ಯಾಸ 100 ಇದ್ದರೆ ವರ್ಗ 10,000, ಎಂದರೆ ಹಬ್ಬದ ಒಂದು ದಿನ ಸಾಮಾನ್ಯವಾದ ನೂರು ದಿನಗಳಷ್ಟು ತೂಗುತ್ತದೆ. ಫ್ರೆಂಚ್ ಗಣಿತಜ್ಞ ಲೆಜೆಂಡ್ರ್ 1805ರಲ್ಲಿ ಪ್ರಕಟಿಸಿದ, ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ರೇಖೆಯನ್ನು ಆರಿಸುವ ಕನಿಷ್ಠ ವರ್ಗ ವಿಧಾನದ ಬಲವೂ ದೌರ್ಬಲ್ಯವೂ ಅವಳಿಗೆ ಅರ್ಥವಾದದ್ದು ಆ ದಿನ. ವರ್ಗದ ಬದಲು ಚಿಹ್ನೆಯನ್ನಷ್ಟೇ ಬಿಟ್ಟು ಕೂಡಿಸಿದರೆ ಏನಾಗುತ್ತದೆಂದು ಅವಳೇ ಕೇಳಿದಳು. ಸರಾಸರಿಯಿಂದ ಮಧ್ಯಾಂಕಕ್ಕೆ (ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಬೆಲೆ) ಪಾಠ ತಾನಾಗಿಯೇ ಹೊರಳಿತು. ಚೌತಿಯ ದರವನ್ನು ದೋಷವೆಂದು ಅಳಿಸಬೇಕೇ, ಬೆಳೆಗಾರರ ವರ್ಷದ ಆದಾಯ ನಿಂತಿರುವುದೇ ಅಂಥ ದಿನಗಳ ಮೇಲೆಂದು ಉಳಿಸಿಕೊಳ್ಳಬೇಕೇ ಎಂಬ ಚರ್ಚೆ ಗಂಟೆ ಹೊಡೆದ ಮೇಲೂ ಮುಂದುವರಿಯಿತು. ಇಷ್ಟು ವರ್ಷಗಳಲ್ಲಿ ಅಂಥ ತರಗತಿ ನನಗೆ ಹೆಚ್ಚು ಸಿಕ್ಕಿಲ್ಲ.

ಗಣಿತ ಗೊತ್ತಿಲ್ಲದಿದ್ದರೂ ಡೇಟಾ ಸೈನ್ಸ್ ಕಲಿಯಬಹುದೆಂಬ ಆಶ್ವಾಸನೆ ಇಂದು ಸುಲಭವಾಗಿ ಸಿಗುತ್ತದೆ. ಪಿಯುಸಿಯ ಕಲನಶಾಸ್ತ್ರದಲ್ಲಿ ಕಲಿಸುವ ಸರಪಳಿ ನಿಯಮವೇ (ಚೈನ್ ರೂಲ್) ಎಐಯ ಹಿಂದಿರುವ ನರಜಾಲಗಳನ್ನು (ನ್ಯೂರಲ್ ನೆಟ್‌ವರ್ಕ್) ತರಬೇತಿಗೊಳಿಸುವ ವಿಧಾನದ ತಿರುಳು. ಮ್ಯಾಟ್ರಿಕ್ಸ್ ಗುಣಾಕಾರವಿಲ್ಲದೆ ಚಾಟ್‌ಜಿಪಿಟಿ ಒಂದು ಪದವನ್ನೂ ಹೇಳಲಾರದು. ಯಂತ್ರವೇ ಪ್ರೋಗ್ರಾಂ ಬರೆಯುವ ಈ ಕಾಲದಲ್ಲಿ, ಅದು ಕೊಟ್ಟ ಉತ್ತರ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂದು ಹೇಳಬಲ್ಲವರನ್ನು ತಯಾರು ಮಾಡುವುದೇ ನಮ್ಮ ಕೆಲಸ. ಆದ್ದರಿಂದ ಹೊಸ ಕೋರ್ಸಿಗೆ ಜಾಗ ಮಾಡಲು ಗಣಿತದ ಅವಧಿಗಳನ್ನು ಕಡಿಮೆ ಮಾಡಬೇಡಿರೆಂದು ಕೈಮುಗಿದು ಕೇಳುತ್ತೇನೆ.

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಲ್ಲಿ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು. ಎರಡು ಸಲವೂ ಪಠ್ಯಕ್ರಮ ಬದಲಾಯಿತೇ ಹೊರತು, ವ್ಯಾಖ್ಯೆ ಬರೆಯಿರಿ, ಸೂತ್ರ ನಿರೂಪಿಸಿ ಎಂಬ ಪ್ರಶ್ನೆಪತ್ರಿಕೆಯ ರೂಢಿ ಬದಲಾಗಲಿಲ್ಲ. ಆ ಪ್ರಶ್ನೆಗಳಿಗೆ ಇಂದು ಫೋನೇ ಉತ್ತರ ಕೊಡುತ್ತದೆ. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ದತ್ತಾಂಶವೊಂದರ ಮೇಲೆ ಸೆಮಿಸ್ಟರ್ ಪೂರ್ತಿ ಕೆಲಸ ಮಾಡಿ, ಎಐ ನೆರವು ಪಡೆದಿದ್ದರೆ ಅದನ್ನು ಬರೆದು ತಿಳಿಸಿ, ಕೊನೆಗೆ ಇಬ್ಬರು ಅಧ್ಯಾಪಕರ ಮುಂದೆ ತನ್ನ ಒಂದೊಂದು ಹೆಜ್ಜೆಯನ್ನೂ ಬಾಯಿಮಾತಿನಲ್ಲಿ ಸಮರ್ಥಿಸುವಂಥ ಮೌಖಿಕ ಪರೀಕ್ಷೆಗೆ ತಾವು ಅವಕಾಶ ಮಾಡಿಕೊಡಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಆ ಸಮಯವನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಪ್ರಯೋಗಾಲಯದ ತರಗತಿಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲಿವೆ. ಮುಂದಿನ ವರ್ಷ ತಾವು ಇಲ್ಲಿರುತ್ತೇವೆಯೋ ಇಲ್ಲವೋ ತಿಳಿಯದವರಿಂದ ವರ್ಷಗಟ್ಟಲೆ ಬೆಳೆಸಬೇಕಾದ ಕೆಲಸವನ್ನು ನಿರೀಕ್ಷಿಸುವುದು ಅನ್ಯಾಯ. ಖಾಯಂ ಹುದ್ದೆಗಳ ಭರ್ತಿಯ ಜೊತೆಗೆ, ಈಗಿರುವ ಗಣಿತ ಅಧ್ಯಾಪಕರಿಗೆ ಬೇಸಿಗೆ ರಜೆಯಲ್ಲಿ ಕೆಲವು ವಾರಗಳ ತರಬೇತಿಯಾದರೂ ಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪನದ ಅಂಕಿಗಳು, ಎಪಿಎಂಸಿಗಳ ಅಡಿಕೆ ದರ, ಮಲ್ಪೆ ಬಂದರಿನಲ್ಲಿ ಇಳಿಯುವ ಮೀನಿನ ಲೆಕ್ಕ, ಇವುಗಳನ್ನು ಕಾಲೇಜುಗಳು ನೇರವಾಗಿ ಬಳಸಬಹುದಾದ ರೂಪದಲ್ಲಿ ಒದಗಿಸಲು ಆಯಾ ಇಲಾಖೆಗಳಿಗೆ ತಾವೊಂದು ಮಾತು ಹೇಳಿದರೆ ಸರ್ಕಾರಕ್ಕೆ ಹೆಚ್ಚಿನ ಖರ್ಚೂ ಬಾರದು.

ಮಲ್ಲಿಗೆ ದರದ ಆ ಪುಸ್ತಕದ ಪ್ರತಿ ನಮ್ಮ ವಿಭಾಗದಲ್ಲಿದೆ. ಈ ವರ್ಷದ ವಿದ್ಯಾರ್ಥಿಗಳು ಅದಕ್ಕೆ ಮಳೆಯ ಅಂಕಿಗಳನ್ನೂ ಸೇರಿಸುತ್ತಿದ್ದಾರೆ. ತಾವು ಉಡುಪಿಗೆ ಬಂದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅವರ ಪಕ್ಕದ ಬೆಂಚಿನಲ್ಲಿ ಕುಳಿತು, ತಮಗೆ ತೋಚಿದ ಪ್ರಶ್ನೆಗಳನ್ನು ಅವರಿಗೆ ಕೇಳಬೇಕೆಂದು ವಿನಂತಿಸುತ್ತೇನೆ.

ಗೌರವಗಳೊಂದಿಗೆ,
ಗಣಿತ ಅಧ್ಯಾಪಕಿ, ಉಡುಪಿ ಜಿಲ್ಲೆ